ಮುಟ್ಟಿನ ರಕ್ತ ಎಲ್ಲಿಂದ ಬರುತ್ತದೆ, ಹೇಗೆ ನಿಲ್ಲುತ್ತದೆ? ರಜೆಯ ಚರ್ಚೆಯಲ್ಲಿ ಯಾರೂ ಕೇಳದ ಪ್ರಶ್ನೆ

2025ರ ಅಕ್ಟೋಬರ್ 9ರಂದು ರಾಜ್ಯ ಸಚಿವ ಸಂಪುಟ ಋತುಚಕ್ರ ರಜೆ ನೀತಿಗೆ ಒಪ್ಪಿಗೆ ಕೊಟ್ಟಿತು. ತಿಂಗಳಿಗೊಂದು ದಿನದಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆ. ನವೆಂಬರ್‌ನಲ್ಲಿ ಆದೇಶವೂ ಹೊರಬಿತ್ತು. 18ರಿಂದ 52 ವರ್ಷದೊಳಗಿನ ಮಹಿಳಾ ನೌಕರರಿಗೆ ಇದು ಅನ್ವಯ, ವೈದ್ಯರ ಚೀಟಿ ಬೇಕಿಲ್ಲ, ಒಂದು ತಿಂಗಳ ರಜೆಯನ್ನು ಮುಂದಿನ ತಿಂಗಳಿಗೆ ಕೂಡಿಸಿಕೊಳ್ಳುವಂತಿಲ್ಲ. ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ ಇದನ್ನು ಹೈಕೋರ್ಟ್‌ನಲ್ಲಿ ಪ್ರಶ್ನಿಸಿತು. ಡಿಸೆಂಬರ್ 9ರಂದು ಆದೇಶಕ್ಕೆ ತಡೆ ಸಿಕ್ಕಿತು, ಸರ್ಕಾರ ಕೋರಿದ ಮೇಲೆ ಅದೇ ದಿನ ಆ ತಡೆಯನ್ನು ನ್ಯಾಯಾಲಯ ಹಿಂಪಡೆಯಿತು. ಸುದ್ದಿ ಓದಿದವರಿಗೆ ರಜೆ ಇದೆಯೋ ಇಲ್ಲವೋ ಎಂಬುದೇ ಗೊಂದಲವಾಯಿತು.

ಅದಕ್ಕಿಂತ ಆಳವಾದ ಗೊಂದಲ ಇನ್ನೊಂದಿದೆ. ಮುಟ್ಟು ಸಹಜ ಕ್ರಿಯೆ ಎಂದಮೇಲೆ ರಜೆ ಯಾಕೆ ಎನ್ನುತ್ತಾರೆ ಕೆಲವರು. ಒಬ್ಬಾಕೆ ಎಂದಿನಂತೆ ಓಡಾಡಿಕೊಂಡಿರುತ್ತಾಳೆ, ಪಕ್ಕದ ಮೇಜಿನವಳು ಹೊಟ್ಟೆ ಹಿಡಿದು ಮುದುಡಿ ಕೂರುತ್ತಾಳೆ, ಇಬ್ಬರಿಗೂ ಆಗುವುದು ಅದೇ ಮುಟ್ಟಲ್ಲವೇ ಎನ್ನುತ್ತಾರೆ ಇನ್ನು ಕೆಲವರು. ಈ ಎರಡೂ ಪ್ರಶ್ನೆಗಳಿಗೆ ಉತ್ತರ ಇರುವುದು ಗರ್ಭಕೋಶದ ಒಳಪದರದಲ್ಲಿ, ಅಲ್ಲಿನ ಕೂದಲೆಳೆಯಂಥ ರಕ್ತನಾಳಗಳಲ್ಲಿ. ತಿಂಗಳುದ್ದಕ್ಕೂ ಆ ನಾಳಗಳಲ್ಲಿ ಏನು ನಡೆಯುತ್ತದೆ ಎಂಬುದನ್ನು ತಿಳಿಯದೆ ರಜೆಯ ಪರ-ವಿರೋಧ ವಾದ ಮಾಡಿದರೆ ಇಬ್ಬರೂ ಊಹೆಯ ಮೇಲೆ ಮಾತಾಡಿದಂತೆಯೇ.

ಬುಡದ ನಾಳ, ತುದಿಯ ನಾಳ

ಗರ್ಭಕೋಶ ಎಂದರೆ ಮುಷ್ಟಿ ಗಾತ್ರದ ಸ್ನಾಯುವಿನ ಚೀಲ. ಎಡಬಲಗಳಿಂದ ಒಂದೊಂದು ದೊಡ್ಡ ಅಪಧಮನಿ ಅದಕ್ಕೆ ರಕ್ತ ತರುತ್ತದೆ. ಅದರ ಕವಲುಗಳು ಸ್ನಾಯುವಿನ ಗೋಡೆಯೊಳಗೆ ಬಳೆಯಂತೆ ಸುತ್ತುತ್ತವೆ, ಅಲ್ಲಿಂದ ಒಳಮುಖವಾಗಿ ಸಣ್ಣ ನಾಳಗಳು ಹೊರಡುತ್ತವೆ. ಸ್ನಾಯು ಮುಗಿದು ಒಳಪದರ ಶುರುವಾಗುವ ಗಡಿಯಲ್ಲಿ ಅವು ಎರಡು ಬಗೆಯಾಗಿ ಒಡೆಯುತ್ತವೆ. ಗಿಡ್ಡವಾದ, ನೇರವಾದ ನಾಳಗಳು ಒಳಪದರದ ತಳಭಾಗಕ್ಕೆ ಮಾತ್ರ ರಕ್ತ ಕೊಟ್ಟು ಅಲ್ಲೇ ನಿಲ್ಲುತ್ತವೆ. ಇನ್ನೊಂದು ಬಗೆಯವು ಮೇಲ್ಭಾಗದವರೆಗೆ ಏರುತ್ತವೆ. ಇವೇ ಸುರುಳಿ ಅಪಧಮನಿಗಳು.

ಕಬ್ಬು ಕಡಿದ ಗದ್ದೆಯನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೇಲಿನ ಜಲ್ಲೆ ಹೋದರೂ ಬುಡ ಉಳಿದಿರುತ್ತದೆ, ಅದೇ ಮತ್ತೆ ಚಿಗುರಿ ಕೂಳೆ ಬೆಳೆಯಾಗುತ್ತದೆ. ಒಳಪದರದ ತಳಭಾಗ ಮತ್ತು ಅದರ ನೇರ ನಾಳಗಳು ಆ ಬುಡ. ಹಾರ್ಮೋನು ಏರಲಿ ಇಳಿಯಲಿ, ಅವು ಹೆಚ್ಚು ಬದಲಾಗುವುದಿಲ್ಲ, ಮುಟ್ಟಿನಲ್ಲಿ ಕಳಚಿ ಹೋಗುವುದೂ ಇಲ್ಲ. ಮೇಲ್ಭಾಗ ಮತ್ತು ಅದರ ಸುರುಳಿ ನಾಳಗಳು ಮಾತ್ರ ತಿಂಗಳು ತಿಂಗಳೂ ಬೆಳೆದು, ತಿಂಗಳು ತಿಂಗಳೂ ಕಳಚುತ್ತವೆ.

ಮೊದಲ ಹದಿನೈದು ದಿನ ಬೆಳವಣಿಗೆ, ಆಮೇಲೆ ಸುರುಳಿ

ಮುಟ್ಟು ಮುಗಿದಾಗ ಒಳಪದರದ ದಪ್ಪ ಒಂದೆರಡು ಮಿಲಿಮೀಟರ್ ಇರುತ್ತದೆ, ಅಷ್ಟೆ. ಅಂಡಾಶಯದಿಂದ ಬರುವ ಈಸ್ಟ್ರೋಜನ್ ಹಾರ್ಮೋನು ಏರುತ್ತಾ ಹೋದಂತೆ, ಹೊಸ ರಕ್ತನಾಳ ಚಿಗುರಿಸುವ ಪ್ರೋಟೀನುಗಳು ಅಲ್ಲಿ ಹೆಚ್ಚುತ್ತವೆ. ನಾಳಗಳು ಉದ್ದವಾಗುತ್ತವೆ, ಕವಲೊಡೆಯುತ್ತವೆ, ಮೇಲ್ಮೈಯ ಕೆಳಗೆ ಸೂಕ್ಷ್ಮ ಲೋಮನಾಳಗಳ ಬಲೆ ಹರಡುತ್ತದೆ. ಬೆಳೆದ ಮನುಷ್ಯರ ದೇಹದಲ್ಲಿ ಹೊಸ ರಕ್ತನಾಳ ಹುಟ್ಟುವುದು ಅಪರೂಪ. ಗಾಯ ಮಾಯುವಾಗ ಹುಟ್ಟುತ್ತವೆ, ಕ್ಯಾನ್ಸರ್ ಗಡ್ಡೆಯಲ್ಲಿ ಹುಟ್ಟುತ್ತವೆ. ರೋಗವಿಲ್ಲದೆ, ಗಾಯವಿಲ್ಲದೆ, ಇಷ್ಟು ನಿಯಮಿತವಾಗಿ ನಾಳಗಳ ಹೊಸ ಬೆಳೆ ಬರುವ ಜಾಗಗಳು ಅಂಡಾಶಯ ಮತ್ತು ಈ ಒಳಪದರ. ವಿಜ್ಞಾನಿಗಳಿಗೆ ಇದರ ಮೇಲೆ ಅಷ್ಟು ಕುತೂಹಲ ಇರುವುದು ಅದಕ್ಕೇ.

ಅಂಡಾಣು ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಮುಂದೆ ಬರುತ್ತದೆ. ಆಗ ಒಳಪದರದ ಎತ್ತರ ಹೆಚ್ಚುವುದು ನಿಧಾನವಾಗುತ್ತದೆ, ನಾಳಗಳ ಉದ್ದ ಹೆಚ್ಚುವುದು ನಿಲ್ಲುವುದಿಲ್ಲ. ಗಿಡ್ಡ ಡಬ್ಬಿಯಲ್ಲಿ ಉದ್ದ ಹಗ್ಗ ತುಂಬಿದರೆ ಏನಾಗುತ್ತದೋ ಅದೇ ಆಗುತ್ತದೆ: ನಾಳ ಸುತ್ತಿಕೊಳ್ಳುತ್ತದೆ. ಸುರುಳಿ ಎಂಬ ಹೆಸರು ಬಂದದ್ದು ಹೀಗೆ. ಇದೇ ಹೊತ್ತಿಗೆ ನಾಳದ ಗೋಡೆಗೆ ಸ್ನಾಯುಕೋಶಗಳ ಹೊದಿಕೆ ಬಲಿಯುತ್ತದೆ. 28 ದಿನದ ಚಕ್ರವಾದರೆ ಸುಮಾರು 23ನೇ ದಿನದ ಹೊತ್ತಿಗೆ ಆ ನಾಳಗಳ ಸುತ್ತಲಿನ ಕೋಶಗಳು ಉಬ್ಬಿ, ಭ್ರೂಣ ಬಂದರೆ ಹಿಡಿದುಕೊಳ್ಳಲು ಸಜ್ಜಾಗುತ್ತವೆ.

ಗರ್ಭ ನಿಂತರೆ ಮಾಸುವಿನ ಕೋಶಗಳು ಇದೇ ಸುರುಳಿ ನಾಳಗಳೊಳಗೆ ನುಗ್ಗಿ, ಅವುಗಳ ಸ್ನಾಯುವನ್ನು ಕರಗಿಸಿ, ಬಾಯಿ ಅಗಲ ಮಾಡುತ್ತವೆ. ಮಗುವಿಗೆ ಬೇಕಾದಷ್ಟು ರಕ್ತ ತಡೆಯಿಲ್ಲದೆ ಹರಿಯುವುದು ಆಗ. ಈ ಕೆಲಸ ಅರೆಬರೆಯಾದರೆ ಮಗುವಿನ ಬೆಳವಣಿಗೆ ಕುಂಠಿತವಾಗಬಹುದು, ತಾಯಿಗೆ ಬಿಪಿ ಏರುವ ಪ್ರೀಎಕ್ಲಾಂಪ್ಸಿಯಾ ಬರಬಹುದು. ಅಂದರೆ ಮುಟ್ಟಿಗೂ ಗರ್ಭಿಣಿಯ ಪ್ರಾಣಕ್ಕೂ ಸಂಬಂಧ ಕಲ್ಪಿಸುವ ನಾಳಗಳು ಇವೇ.

ಕೋತಿಯ ಕಣ್ಣಿನೊಳಗೆ ಕಂಡದ್ದು

ಗರ್ಭ ನಿಲ್ಲದಿದ್ದರೆ ಏನಾಗುತ್ತದೆ? ಇದನ್ನು ಮೊದಲು ಕಣ್ಣಾರೆ ಕಂಡವರು ಅಮೆರಿಕದ ಅಂಗರಚನಾ ವಿಜ್ಞಾನಿ ಮಾರ್ಕಿ. ಗರ್ಭಕೋಶದ ಒಳಗೆ ಇಣುಕಿ ದಿನಗಟ್ಟಲೆ ನೋಡುವುದು ಆ ಕಾಲಕ್ಕೆ ಆಗದ ಮಾತು. ಅವರು ಹೆಣ್ಣು ರೀಸಸ್ ಕೋತಿಗಳ ಒಳಪದರದ ಸಣ್ಣ ತುಣುಕುಗಳನ್ನು ತೆಗೆದು, ಅದೇ ಕೋತಿಯ ಕಣ್ಣಿನ ಪಾರದರ್ಶಕ ಪಟಲದ ಹಿಂದೆ, ನೀರಿನಂಥ ದ್ರವ ಇರುವ ಜಾಗದಲ್ಲಿ ನೆಟ್ಟರು. ತುಣುಕು ಅಲ್ಲಿ ಬೇರೂರಿತು, ಅದಕ್ಕೆ ರಕ್ತನಾಳಗಳು ಬಂದವು. ಗರ್ಭಕೋಶ ಮುಟ್ಟಾದಾಗ ಕಣ್ಣಿನೊಳಗಿನ ತುಣುಕೂ ಮುಟ್ಟಾಯಿತು. ಗಾಜಿನ ಕಿಟಕಿಯಿಂದ ನೋಡಿದಂತೆ ಅವರು ಎಲ್ಲವನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿ, 1940ರಲ್ಲಿ ಪ್ರಕಟಿಸಿದರು.

ಕಂಡದ್ದು ಇಷ್ಟು. ರಕ್ತಸ್ರಾವಕ್ಕೆ ಕೆಲವು ದಿನ ಮೊದಲೇ ತುಣುಕು ಕುಗ್ಗತೊಡಗುತ್ತದೆ. ಕುಗ್ಗಿದ ಜಾಗದಲ್ಲಿ ಸುರುಳಿ ನಾಳಗಳು ಇನ್ನಷ್ಟು ಬಿಗಿಯಾಗಿ ಮಡಚಿಕೊಳ್ಳುತ್ತವೆ, ಹರಿವು ಮಂದವಾಗುತ್ತದೆ. ರಕ್ತ ಕಾಣಿಸುವ 4ರಿಂದ 24 ಗಂಟೆ ಮೊದಲು ನಾಳಗಳು ಗಟ್ಟಿಯಾಗಿ ಬಿಗಿದುಕೊಳ್ಳುತ್ತವೆ, ಅಂಗಾಂಶ ಬಿಳಿಚಿಕೊಳ್ಳುತ್ತದೆ. ಆಮೇಲೆ ಅಲ್ಲೊಂದು ಇಲ್ಲೊಂದು ನಾಳ ಸಡಿಲವಾಗುತ್ತದೆ, ಸೊರಗಿದ ಗೋಡೆ ತಾಳಲಾರದೆ ರಕ್ತ ಒಸರುತ್ತದೆ. ಎಲ್ಲ ನಾಳಗಳೂ ಒಟ್ಟಿಗೆ ಒಡೆಯುವುದಿಲ್ಲ, ಒಂದಾದ ಮೇಲೊಂದು ಒಡೆಯುತ್ತವೆ. ಮುಟ್ಟು ಒಂದೇ ಸಲಕ್ಕೆ ಧಾರೆಯಾಗಿ ಹರಿಯದೆ ನಾಲ್ಕೈದು ದಿನ ಹಂಚಿಹೋಗುವುದಕ್ಕೆ ಇದೂ ಒಂದು ಕಾರಣ.

ಶುರು ಮಾಡುವುದು ಯಾರು?

ಕಾರಣದ ಸರಪಳಿ ಅಂಡಾಶಯದಿಂದ ಶುರು. ಅಂಡಾಣು ಹೊರಬಿದ್ದ ಜಾಗದಲ್ಲಿ ಉಳಿಯುವ ಹಳದಿ ಗಂಟು ಪ್ರೊಜೆಸ್ಟರಾನ್ ಸುರಿಸುತ್ತದೆ, ಗರ್ಭ ನಿಲ್ಲದಿದ್ದರೆ ಸುಮಾರು 14 ದಿನದೊಳಗೆ ಅದು ಬತ್ತಿಹೋಗುತ್ತದೆ. ಪ್ರೊಜೆಸ್ಟರಾನ್ ಕುಸಿದ ಕೂಡಲೇ, ಅದು ಅಲ್ಲಿಯವರೆಗೆ ಅದುಮಿಟ್ಟಿದ್ದ ಉರಿಯೂತದ ಸಂಕೇತಗಳು ಬಿಡುಗಡೆಯಾಗುತ್ತವೆ. ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಹೆಚ್ಚುತ್ತವೆ, ಬಿಳಿ ರಕ್ತಕಣಗಳು ನುಗ್ಗುತ್ತವೆ, ಅಂಗಾಂಶವನ್ನು ಕಟ್ಟಿಹಿಡಿದ ನಾರುಗಳನ್ನು ಕತ್ತರಿಸುವ ಕಿಣ್ವಗಳು ಕೆಲಸಕ್ಕಿಳಿಯುತ್ತವೆ.

ಇಲ್ಲಿ ವಿಜ್ಞಾನಿಗಳಲ್ಲೇ ಎರಡು ನಿಲುವುಗಳಿವೆ. ನಾಳ ಬಿಗಿದು ಆಮ್ಲಜನಕ ಸಿಗದೆ ಅಂಗಾಂಶ ಸಾಯುತ್ತದೆ, ಆದ್ದರಿಂದ ಕಳಚುತ್ತದೆ ಎಂಬುದು ಮಾರ್ಕಿ ಅವರ ಕಾಲದಿಂದ ಬಂದ ವಿವರಣೆ. ಕಳಚುವ ಕೆಲಸವನ್ನು ಕಿಣ್ವಗಳೂ ಉರಿಯೂತವೂ ಮಾಡುತ್ತವೆ, ನಾಳ ಬಿಗಿಯುವುದರ ಮುಖ್ಯ ಉಪಯೋಗ ರಕ್ತ ಹೆಚ್ಚು ಹೋಗದಂತೆ ತಡೆಯುವುದು ಮತ್ತು ದುರಸ್ತಿಗೆ ಚಾಲನೆ ಕೊಡುವುದು ಎಂಬುದು ಈಚಿನ ವಾದ. ಎರಡನೆಯದಕ್ಕೆ ಬಲ ಕೊಟ್ಟ ಕೆಲಸ 2018ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯದ ತಂಡದಿಂದ ಬಂತು. ಆಮ್ಲಜನಕ ಕಡಿಮೆಯಾದಾಗ ಕೋಶಗಳಲ್ಲಿ ಒಂದು ಪ್ರೋಟೀನ್ ಎಚ್ಚರಗೊಳ್ಳುತ್ತದೆ. ಇಲಿಗಳಲ್ಲಿ ಅದನ್ನು ತಡೆದರೆ ಒಳಪದರದ ದುರಸ್ತಿ ತಡವಾಯಿತು. ಹೆಚ್ಚು ರಕ್ತಸ್ರಾವ ಇರುವ ಮಹಿಳೆಯರ ಒಳಪದರದಲ್ಲೂ ಮುಟ್ಟಿನ ದಿನಗಳಲ್ಲಿ ಆ ಪ್ರೋಟೀನ್ ಕಡಿಮೆಯೇ ಇತ್ತು. ನಾಳ ಸರಿಯಾಗಿ ಬಿಗಿಯದಿದ್ದರೆ ದುರಸ್ತಿಯ ಸಂಕೇತವೂ ದುರ್ಬಲ, ರಕ್ತ ನಿಲ್ಲುವುದೂ ತಡ. ನನಗೆ ಈ ವಿವರಣೆಯೇ ಹೆಚ್ಚು ಹೊಂದುತ್ತದೆ ಅನಿಸುತ್ತದೆ, ಏಕೆಂದರೆ ಮುಟ್ಟು ಯಾಕೆ ಬರುತ್ತದೆ ಎಂಬುದರ ಜೊತೆಗೆ ಯಾಕೆ ನಿಲ್ಲುತ್ತದೆ ಎಂಬುದನ್ನೂ ಅದು ಹೇಳುತ್ತದೆ.

ದುರಸ್ತಿ ಮುಟ್ಟು ಮುಗಿದ ಮೇಲೆ ಶುರುವಾಗುವುದಲ್ಲ. ಒಂದು ಕಡೆ ಕಳಚುತ್ತಿರುವಾಗಲೇ ಇನ್ನೊಂದು ಕಡೆ ಹೊಸ ಮೇಲ್ಮೈ ಹಬ್ಬುತ್ತಿರುತ್ತದೆ. ಕೆಲವೇ ದಿನಗಳಲ್ಲಿ ಗಾಯ ಕಲೆಯಿಲ್ಲದೆ ಮಾಯುತ್ತದೆ. ಚರ್ಮದ ಮೇಲೆ ಇಷ್ಟು ದೊಡ್ಡ ಗಾಯವಾದರೆ ಜೀವನಪೂರ್ತಿ ಕಲೆ ಉಳಿಯುತ್ತಿತ್ತು.

ಅದು ಕೆಟ್ಟ ರಕ್ತವಲ್ಲ

ದೇಹದ ಕೊಳೆ ತಿಂಗಳಿಗೊಮ್ಮೆ ಹೊರಹೋಗುತ್ತದೆ ಎಂಬ ಮಾತು ಇನ್ನೂ ಮನೆಮನೆಯಲ್ಲಿದೆ. ಮೇಲೆ ಹೇಳಿದ ನಾಳಗಳಲ್ಲಿ ಹರಿಯುವುದು ಹೃದಯದಿಂದ ಹೊರಟ ಅದೇ ರಕ್ತ, ಕೈಗೂ ಮಿದುಳಿಗೂ ಹೋಗುವ ರಕ್ತ. ಹೊರಬರುವ ಸ್ರಾವದಲ್ಲಿ ಸರಿಸುಮಾರು ಅರ್ಧ ಅದು, ಉಳಿದದ್ದು ಕಳಚಿದ ಪದರ ಮತ್ತು ಲೋಳೆ. ಹೆಚ್ಚು ಹೋದರೆ ಒಳ್ಳೆಯದು, ಮೈ ಹಗುರಾಗುತ್ತದೆ ಎಂದು ನಂಬಿದವರು ಕಳೆದುಕೊಳ್ಳುವುದು ತಮ್ಮ ಕಬ್ಬಿಣಾಂಶವನ್ನು.

ನೋವು ಒಂದು, ಹೆಚ್ಚು ಸ್ರಾವ ಇನ್ನೊಂದು

ಇಬ್ಬರು ಮಹಿಳೆಯರ ಮುಟ್ಟು ಯಾಕೆ ಒಂದೇ ಥರ ಇರುವುದಿಲ್ಲ ಎಂಬುದು ಈಗ ಬಿಡಿಸಿ ಹೇಳಲು ಬರುತ್ತದೆ.

ಪ್ರೊಸ್ಟಗ್ಲಾಂಡಿನ್‌ಗಳಲ್ಲಿ ಎಲ್ಲವೂ ಒಂದೇ ಕೆಲಸ ಮಾಡುವುದಿಲ್ಲ. ಕೆಲವು ನಾಳಗಳನ್ನೂ ಗರ್ಭಕೋಶದ ಸ್ನಾಯುವನ್ನೂ ಹಿಂಡುತ್ತವೆ, ಕೆಲವು ನಾಳಗಳನ್ನು ಸಡಿಲಿಸುತ್ತವೆ. ಹಿಂಡುವ ಬಗೆಯದು ಅತಿಯಾದರೆ ಸ್ನಾಯು ರಕ್ತದೊತ್ತಡವನ್ನೂ ಮೀರಿ ಬಿಗಿಯುತ್ತದೆ, ಆ ಹೊತ್ತಿಗೆ ಸ್ನಾಯುವಿಗೇ ರಕ್ತ ಸಿಗುವುದಿಲ್ಲ. ಹೃದಯಕ್ಕೆ ರಕ್ತ ಸಿಗದಾಗ ಎದೆನೋವು ಬರುವಂತೆಯೇ ಇಲ್ಲಿ ಕಿಬ್ಬೊಟ್ಟೆ ನೋವು ಬರುತ್ತದೆ. ಅದೇ ರಾಸಾಯನಿಕ ಕರುಳನ್ನೂ ಕೆಣಕುವುದರಿಂದ ಕೆಲವರಿಗೆ ವಾಂತಿ, ಭೇದಿ. ಇದು ನಾಟಕವೂ ಅಲ್ಲ, ಸಹನೆಯ ಕೊರತೆಯೂ ಅಲ್ಲ. ಸಡಿಲಿಸುವ ಬಗೆಯದರ ಪಾಲು ಹೆಚ್ಚಿದರೆ ನಾಳಗಳು ಸರಿಯಾಗಿ ಮುಚ್ಚುವುದಿಲ್ಲ, ಆಗ ನೋವು ಅಷ್ಟಿಲ್ಲದೆಯೂ ರಕ್ತ ಹರಿಯುತ್ತದೆ. ಹೀಗಾಗಿ ಸಂಕಟ ಪಡುವವರನ್ನು ಮಾತ್ರ ನೋಡಿ ಕಷ್ಟವನ್ನು ಅಳೆದರೆ, ಸದ್ದಿಲ್ಲದೆ ರಕ್ತ ಕಳೆದುಕೊಳ್ಳುವವರು ಲೆಕ್ಕಕ್ಕೇ ಸಿಗುವುದಿಲ್ಲ.

ಹೆಪ್ಪುಗಟ್ಟುವಿಕೆಯ ಪಾತ್ರವೂ ಇದೆ. ಪದರ ಸುಗಮವಾಗಿ ಹೊರಹೋಗಲೆಂದು ಗರ್ಭಕೋಶ ರಕ್ತದ ಹೆಪ್ಪನ್ನು ತಾನೇ ಕರಗಿಸುತ್ತದೆ. ಹರಿವು ಆ ಕರಗಿಸುವ ವೇಗವನ್ನು ಮೀರಿದಾಗ ಗಡ್ಡೆಗಳು ಬೀಳುತ್ತವೆ. ಆದ್ದರಿಂದ ದೊಡ್ಡ ಗಡ್ಡೆ ಬೀಳುತ್ತಿದ್ದರೆ ಅದು ಹೆಚ್ಚು ಸ್ರಾವದ ಲಕ್ಷಣ. ಇವಲ್ಲದೆ ಗರ್ಭಕೋಶದಲ್ಲಿ ಬೆಳೆಯುವ ಫೈಬ್ರಾಯ್ಡ್ ಗಡ್ಡೆ, ಥೈರಾಯ್ಡ್ ತೊಂದರೆ, ಹುಟ್ಟಿನಿಂದ ಬಂದ ರಕ್ತ ಹೆಪ್ಪುಗಟ್ಟದ ಕಾಯಿಲೆಗಳೂ ಕಾರಣವಾಗಬಹುದು. ಮೈನೆರೆದ ಮೊದಲ ತಿಂಗಳಿಂದಲೇ ವಿಪರೀತ ಸ್ರಾವ ಇರುವ ಹುಡುಗಿಯಲ್ಲಿ ಈ ಕೊನೆಯದನ್ನು ಪರೀಕ್ಷಿಸಲೇಬೇಕು.

80 ಮಿಲಿಲೀಟರ್‌ನ ಲೆಕ್ಕ

ಸಾಮಾನ್ಯವಾಗಿ ಒಂದು ಮುಟ್ಟಿನಲ್ಲಿ 30ರಿಂದ 40 ಮಿಲಿಲೀಟರ್ ರಕ್ತ ಹೋಗುತ್ತದೆ, 80 ಮೀರಿದರೆ ಹೆಚ್ಚು. ಮನೆಯಲ್ಲಿ ಯಾರೂ ಅಳೆಯುವುದಿಲ್ಲ, ಹಾಗಾಗಿ ಈಗ ವೈದ್ಯರು ದಿನನಿತ್ಯದ ಬದುಕಿಗೆ ತೊಡಕಾಗುವಷ್ಟು ಹೋದರೆ ಅದನ್ನು ಹೆಚ್ಚು ಸ್ರಾವ ಎಂದೇ ಪರಿಗಣಿಸುತ್ತಾರೆ. ಆದರೂ ಅಂಕಿ ಒಂದು ಕಾರಣಕ್ಕೆ ಬೇಕು. ಹಿಮೋಗ್ಲೋಬಿನ್ 12 ಇರುವ ಮಹಿಳೆ 80 ಮಿಲಿಲೀಟರ್ ಕಳೆದುಕೊಂಡರೆ ಅದರೊಂದಿಗೆ ಸುಮಾರು 33 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. 28 ದಿನಕ್ಕೆ ಹಂಚಿದರೆ ದಿನಕ್ಕೆ ಒಂದು ಮಿಲಿಗ್ರಾಂಗಿಂತ ತುಸು ಹೆಚ್ಚು. ದಿನಕ್ಕೆ ಊಟದಿಂದ ದೇಹ ಹೀರಿಕೊಳ್ಳುವುದೇ ಒಂದೆರಡು ಮಿಲಿಗ್ರಾಂ. ಬೆವರು, ಕರುಳು, ಚರ್ಮದಿಂದ ಹೋಗುವ ಪಾಲು ಬೇರೆ. ಅನ್ನ, ಸಾರು, ಮೇಲೊಂದು ಲೋಟ ಟೀ ಎಂಬ ಊಟದಲ್ಲಿ ಈ ಲೆಕ್ಕ ಸರಿದೂಗುವುದು ಕಷ್ಟ.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು, ಕರ್ನಾಟಕದಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡಿದೆ. ಇದಕ್ಕೆಲ್ಲ ಮುಟ್ಟೇ ಕಾರಣವಲ್ಲ, ಆಹಾರ, ಹುಳುಬಾಧೆ, ಬೇಗಬೇಗ ಹೆರಿಗೆ ಎಲ್ಲವೂ ಸೇರಿದೆ. ಆದರೆ ಕಬ್ಬಿಣದ ಮಾತ್ರೆ ಹಂಚುವ ಕೈ, ತಿಂಗಳಿಗೆ ಎಷ್ಟು ಹೋಗುತ್ತದೆ ಎಂದು ಒಂದು ಮಾತು ಕೇಳದಿದ್ದರೆ ತಳ ಸೋರುವ ಕೊಡಕ್ಕೆ ನೀರು ತುಂಬಿದಂತೆ.

ಅಂತರ ಚುಚ್ಚುಮದ್ದು ತಂದ ಗಾಬರಿ

2017ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಮೂರು ತಿಂಗಳಿಗೊಮ್ಮೆ ಉಚಿತವಾಗಿ ಕೊಡುವ ಗರ್ಭನಿರೋಧಕ ಚುಚ್ಚುಮದ್ದು ಅಂತರ. ಹಾಕಿಸಿಕೊಂಡ ಮೇಲೆ ಹೊತ್ತುಗೊತ್ತಿಲ್ಲದೆ ಒಂದಿಷ್ಟು ರಕ್ತ ಕಾಣಿಸುವುದು, ಆಮೇಲೆ ತಿಂಗಳುಗಟ್ಟಲೆ ಮುಟ್ಟೇ ನಿಲ್ಲುವುದು, ಇವೆರಡಕ್ಕೂ ಹೆದರಿ ಬಿಟ್ಟವರು ಬಹಳ. ಕಾರಣ ಮತ್ತೆ ನಾಳಗಳೇ. ಪ್ರೊಜೆಸ್ಟರಾನ್ ಥರದ ಹಾರ್ಮೋನು ಏರಿಳಿತವಿಲ್ಲದೆ ಸದಾ ಇದ್ದರೆ ಒಳಪದರ ತೆಳ್ಳಗಾಗುತ್ತದೆ, ಮೇಲ್ಮೈಯ ಸಣ್ಣ ನಾಳಗಳು ಹಿಗ್ಗಿ ತೆಳುಗೋಡೆಯವಾಗುತ್ತವೆ. ಅವು ಅಲ್ಲಲ್ಲಿ ಒಡೆದಾಗ ಕಲೆ ಕಾಣಿಸುತ್ತದೆ. ಮುಂದೆ ಕಳಚಲು ಪದರವೇ ಇಲ್ಲದಾಗ ಮುಟ್ಟು ನಿಲ್ಲುತ್ತದೆ, ರಕ್ತ ಒಳಗೇ ಕಟ್ಟಿಕೊಂಡು ಕೆಡುವುದಿಲ್ಲ. ಕಾಪರ್-ಟಿ ಹಾಕಿಸಿಕೊಂಡವರಲ್ಲಿ ಇದಕ್ಕೆ ತದ್ವಿರುದ್ಧ: ಹಾರ್ಮೋನು ಅದರಲ್ಲಿಲ್ಲ, ಸ್ಥಳೀಯ ಉರಿಯೂತದಿಂದ ಸ್ರಾವ ಹೆಚ್ಚಬಹುದು. ಚುಚ್ಚುವ ಮೊದಲು, ಹಾಕುವ ಮೊದಲು ಐದು ನಿಮಿಷ ಕೂರಿಸಿ ಇಷ್ಟನ್ನು ಹೇಳಿದ್ದರೆ ಎಷ್ಟೋ ಗಾಬರಿ ತಪ್ಪುತ್ತಿತ್ತು.

ರಜೆಯ ವಾದಗಳನ್ನು ಈ ಬೆಳಕಿನಲ್ಲಿ ನೋಡಿದರೆ

ಮುಟ್ಟು ಅಂಗವೈಕಲ್ಯವಲ್ಲ, ಅದಕ್ಕೆ ಪ್ರತ್ಯೇಕ ರಜೆ ಬೇಡ ಎಂದು 2023ರ ಡಿಸೆಂಬರ್‌ನಲ್ಲಿ ಅಂದಿನ ಕೇಂದ್ರ ಸಚಿವೆ ಸ್ಮೃತಿ ಇರಾನಿ ರಾಜ್ಯಸಭೆಯಲ್ಲಿ ಹೇಳಿದ್ದರು. ಕಡ್ಡಾಯ ರಜೆ ಮಾಡಿದರೆ ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹಿಂಜರಿಯಬಹುದು, ಇದು ಸರ್ಕಾರ ತೀರ್ಮಾನಿಸಬೇಕಾದ ವಿಷಯ ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇನ್ನೊಂದು ಕಡೆ ಬಿಹಾರ 1992ರಿಂದಲೇ ಸರ್ಕಾರಿ ನೌಕರರಿಗೆ ತಿಂಗಳಿಗೆ ಎರಡು ದಿನ ಕೊಡುತ್ತಿದೆ.

ಸಹಜ ಎಂಬ ವಾದ ಅರ್ಧ ಮಾತ್ರ ಸರಿ. ಹೆರಿಗೆಯೂ ಸಹಜವೇ, ಅದಕ್ಕೆ ರಜೆ ಬೇಡ ಎಂದು ಯಾರೂ ಹೇಳುವುದಿಲ್ಲ. ಪ್ರಕ್ರಿಯೆ ಸಹಜವಾದರೂ ಅದರ ತೀವ್ರತೆ ಒಬ್ಬೊಬ್ಬರಲ್ಲಿ ಒಂದೊಂದು ಎಂಬುದನ್ನು ನಾಳಗಳೇ ತೋರಿಸುತ್ತವೆ. ಈ ದೃಷ್ಟಿಯಿಂದ ವೈದ್ಯರ ಚೀಟಿ ಕೇಳದಿರುವುದು ಸರಿಯಾದ ನಿರ್ಧಾರ: ಬಿಗಿದ ನಾಳ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ನೋವಿಗೆ ಪುರಾವೆ ತಾ ಎನ್ನುವುದು ಅವಮಾನ. ನೇಮಕಾತಿಯಲ್ಲಿ ತಾರತಮ್ಯ ಆಗಬಹುದೆಂಬ ಭಯ ಸುಳ್ಳಲ್ಲ, ಆದರೆ ಆ ತಪ್ಪಿಗೆ ಹೊಣೆ ಮಾಲೀಕರು, ರಜೆ ತೆಗೆದುಕೊಂಡವರಲ್ಲ.

ನನ್ನ ಆಕ್ಷೇಪ ಬೇರೆ ಕಡೆ ಇದೆ. ಆದೇಶ ಅನ್ವಯಿಸುವುದು ಕಾರ್ಖಾನೆ, ಅಂಗಡಿ, ತೋಟ, ಬೀಡಿ, ಮೋಟಾರು ಸಾರಿಗೆ ಕಾಯ್ದೆಗಳಡಿ ನೋಂದಾಯಿತ ಸಂಸ್ಥೆಗಳಿಗೆ. ಹೊಲದ ಕೂಲಿಗೆ, ಮನೆಗೆಲಸಕ್ಕೆ ಹೋಗುವವರಿಗೆ ಅದರಿಂದ ಏನೂ ಸಿಗುವುದಿಲ್ಲ. ಇನ್ನೊಂದು, ರಜೆ ವಿಶ್ರಾಂತಿ ಕೊಡುತ್ತದೆ, ಚಿಕಿತ್ಸೆ ಕೊಡುವುದಿಲ್ಲ. ಪ್ರತಿ ತಿಂಗಳೂ ಏಳಲಾಗದೆ ರಜೆ ಹಾಕುವ ಮಹಿಳೆಯನ್ನು ಒಮ್ಮೆ ವೈದ್ಯರ ಬಳಿ ಕಳಿಸುವ ಏರ್ಪಾಡು ನೀತಿಯ ಜೊತೆಗೇ ಬರಬೇಕಿತ್ತು.

ಗರ್ಭಚೀಲ ತೆಗೆಸುವ ಮೊದಲು

ಚಿಕಿತ್ಸೆ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗರ್ಭಕೋಶ ತೆಗೆಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೊಟ್ಟ ಕಾರಣ ಮುಟ್ಟಿನ ವಿಪರೀತ ಸ್ರಾವ ಮತ್ತು ನೋವು. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ, ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರಲ್ಲಿ ಚಿಕ್ಕ ವಯಸ್ಸಿಗೇ ಈ ಶಸ್ತ್ರಚಿಕಿತ್ಸೆಗಳು ನಡೆದದ್ದು ಕಳೆದ ದಶಕದಲ್ಲಿ ಬೆಳಕಿಗೆ ಬಂತು. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಅಳವಡಿಸಿಕೊಳ್ಳಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನಾಳಗಳ ವಿಷಯ ಇಲ್ಲೂ ಮುಗಿಯುವುದಿಲ್ಲ. ಅಂಡಾಶಯಕ್ಕೆ ರಕ್ತ ಬರುವುದು ಎರಡು ಕಡೆಯಿಂದ, ಅದರಲ್ಲೊಂದು ಗರ್ಭಕೋಶದ ಅಪಧಮನಿಯ ಕವಲು. ಗರ್ಭಕೋಶ ತೆಗೆಯುವಾಗ ಆ ದಾರಿ ಮುಚ್ಚುತ್ತದೆ. ಅಂಡಾಶಯ ಉಳಿಸಿದ್ದರೂ ಅಂಥ ಮಹಿಳೆಯರಿಗೆ ಋತುಬಂಧದ ಬಿಸಿಯುರಿ, ಮೂಳೆ ಸವೆತ ಕೆಲವು ವರ್ಷ ಮೊದಲೇ ಬರುವ ಸಂಭವ ಹೆಚ್ಚು.

ಅದಕ್ಕೂ ಮೊದಲು ಏರಬಹುದಾದ ಮೆಟ್ಟಿಲುಗಳಿವೆ, ಪ್ರತಿಯೊಂದೂ ಮೇಲೆ ಹೇಳಿದ ಸರಪಳಿಯ ಒಂದೊಂದು ಕೊಂಡಿಯನ್ನು ಹಿಡಿಯುತ್ತದೆ. ಪ್ರೊಸ್ಟಗ್ಲಾಂಡಿನ್ ಇಳಿಸುವ ಮೆಫೆನಾಮಿಕ್ ಆಸಿಡ್ ನೋವನ್ನು ತಗ್ಗಿಸುತ್ತದೆ, ಸ್ರಾವವನ್ನೂ ಸ್ವಲ್ಪ ಮಟ್ಟಿಗೆ ಕಡಿಮೆ ಮಾಡುತ್ತದೆ. ಹೆಪ್ಪು ಕರಗುವುದನ್ನು ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಅನ್ನು ಮುಟ್ಟಿನ ದಿನಗಳಲ್ಲಿ ಮಾತ್ರ ತೆಗೆದುಕೊಂಡರೂ ಸ್ರಾವ ಸುಮಾರು 40ರಿಂದ 50 ಪ್ರತಿಶತ ಇಳಿಯುತ್ತದೆ. ಹಿಂದೆ ನಾಳಗಳಲ್ಲಿ ಹೆಪ್ಪುಗಟ್ಟಿದ ತೊಂದರೆ ಇದ್ದವರು ಅದನ್ನು ತೆಗೆದುಕೊಳ್ಳಬಾರದು. ಒಳಪದರವನ್ನೇ ತೆಳ್ಳಗಿಡುವ, ಗರ್ಭಕೋಶದೊಳಗೆ ಕೂರುವ ಹಾರ್ಮೋನ್ ಸಾಧನ ಇವೆಲ್ಲಕ್ಕಿಂತ ಪರಿಣಾಮಕಾರಿ, ವರ್ಷಗಟ್ಟಲೆ ಕೆಲಸ ಮಾಡುತ್ತದೆ. ಕೊನೆಯ ಮೆಟ್ಟಿಲು ಶಸ್ತ್ರಚಿಕಿತ್ಸೆ, ಕೆಲವರಿಗೆ ಅದು ನಿಜಕ್ಕೂ ಬೇಕಾಗುತ್ತದೆ.

ವೈದ್ಯರ ಬಳಿ ಹೋಗುವಾಗ ಕೈಯಲ್ಲಿರಬೇಕಾದದ್ದು ಎರಡು ತಿಂಗಳ ಲೆಕ್ಕ: ಯಾವ ದಿನ ಶುರು, ಯಾವ ದಿನ ನಿಂತಿತು, ದಿನಕ್ಕೆ ಎಷ್ಟು ಪ್ಯಾಡ್ ಅಥವಾ ಬಟ್ಟೆ ಬದಲಾಯಿತು, ರಾತ್ರಿ ಎದ್ದು ಬದಲಿಸಬೇಕಾಯಿತೇ, ಗಡ್ಡೆ ಬಿತ್ತೇ. ಗಂಟೆಗೊಂದು ಪ್ಯಾಡ್ ತುಂಬುತ್ತಿದ್ದರೆ, ಏಳು ದಿನ ಮೀರಿದರೆ, ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆಯನ್ನು ಅದೇ ದಿನ ಮಾಡಿಸಬೇಕು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ತೋರಿಸಬೇಕು, ಏಕೆಂದರೆ ಆಗ ಕಳಚಲು ಪದರ ಇರಬಾರದು.